ಹೋಗುವಾಗ ಬಸ್ಸು, ಬರುವಾಗ ರೈಲು: ಮ್ಯೂನಿಕ್‌–ಪ್ರಾಗ್ ದಾರಿಯ ನನ್ನ ಅನುಭವ

ಮ್ಯೂನಿಕ್‌ಗೆ ಹೊಸದಾಗಿ ಬಂದ ಕನ್ನಡಿಗರು ವಾರಾಂತ್ಯಕ್ಕೆ ಪ್ರಾಗ್ ನೋಡಿ ಬರೋಣವೆಂದು ಹೊರಟಾಗ ನನ್ನನ್ನು ಕೇಳುವುದು ಒಂದೇ ಮಾತು: ಬಸ್ಸೋ, ರೈಲೋ? ಯುರೋಪಿನಲ್ಲಿ ರೈಲೆಂದರೆ ವೇಗ ಎಂದು ನಂಬಿ ಬಂದವರಿಗೆ ಈ ದಾರಿಯ ವೇಳಾಪಟ್ಟಿ ಅಚ್ಚರಿ ಹುಟ್ಟಿಸುತ್ತದೆ. ನೇರ ರೈಲಿಗೆ ಐದೂವರೆ ಗಂಟೆಗೂ ಹೆಚ್ಚು ಬೇಕು. ಬಸ್ಸು ಐದು ಗಂಟೆಯ ಆಸುಪಾಸಿನಲ್ಲಿ ತಲುಪುತ್ತದೆ, ಕೆಲವು ಇನ್ನೂ ಬೇಗ. ನಾನೂ ಮೊದಲ ಕೆಲವು ವರ್ಷ ಈ ಲೆಕ್ಕವನ್ನೇ ನೋಡಿ ಕಣ್ಣು ಮುಚ್ಚಿ ಬಸ್ಸಿನ ಟಿಕೆಟ್ ತೆಗೆಯುತ್ತಿದ್ದೆ. 2024ರ ಬೇಸಿಗೆಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಎರಡು ಸಲ ಹೋಗಿ ಬಂದ ಮೇಲೆ ಲೆಕ್ಕ ಹಾಕುವ ಬಗೆಯೇ ಬದಲಾಯಿತು.

ರೈಲು ಇಷ್ಟು ನಿಧಾನವೇಕೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮ್ಯೂನಿಕ್‌ನಿಂದ ರೇಗೆನ್ಸ್‌ಬುರ್ಗ್‌ವರೆಗೆ 138 ಕಿಲೋಮೀಟರ್ ವಿದ್ಯುತ್ ಮಾರ್ಗವಿದೆ. ಅಲ್ಲಿಂದ ಮುಂದೆ ಶ್ವಾಂಡೋರ್ಫ್, ಖಾಮ್, ಗಡಿಯ ಫುರ್ಟ್ ಇಮ್ ವಾಲ್ಡ್‌ವರೆಗೆ ತಂತಿಯೇ ಇಲ್ಲ, ಡೀಸೆಲ್ ಎಂಜಿನ್ ಎಳೆಯಬೇಕು. ಗಡಿ ದಾಟಿ ಪಿಲ್ಸೆನ್‌ಗೆ ಹೋಗುವ ಹಳಿ 1861ರಲ್ಲಿ ಹಾಕಿದ್ದು. ಬೆಟ್ಟ ಕಾಡುಗಳ ನಡುವೆ ಸುತ್ತಿ ಬಳಸಿ ಹೋಗುತ್ತದೆ. ಜೆಕ್ ಕಡೆ 2018ರಲ್ಲಿ ಪಿಲ್ಸೆನ್ ಹತ್ತಿರ ನಾಲ್ಕು ಕಿಲೋಮೀಟರ್ ಉದ್ದದ ಎಯ್ಪೊವಿತ್ಸೆ ಸುರಂಗ ತೆರೆದಾಗ ಕೆಲವು ನಿಮಿಷ ಉಳಿಯಿತು, ಅಷ್ಟೇ. ಇತ್ತ ಹೆದ್ದಾರಿಯಾದರೋ ರೇಗೆನ್ಸ್‌ಬುರ್ಗ್ ದಾಟಿ ವೈಡ್‌ಹೌಸ್‌ನಲ್ಲಿ ಗಡಿ ಹೊಕ್ಕು, ಜೆಕ್‌ನ ಡಿ5 ಹಿಡಿದು ಪ್ರಾಗ್‌ಗೆ ನೇರವಾಗಿ ಮುಟ್ಟಿಸುತ್ತದೆ. ಜರ್ಮನ್ ರೈಲ್ವೆಯೇ 2009ರಲ್ಲಿ ನ್ಯೂರೆಂಬರ್ಗ್‌ನಿಂದ ಪ್ರಾಗ್‌ಗೆ ತನ್ನದೇ ಎಕ್ಸ್‌ಪ್ರೆಸ್ ಬಸ್ ಓಡಿಸಲು ಶುರುಮಾಡಿತ್ತು. ಈ ಭಾಗದಲ್ಲಿ ರಸ್ತೆ ಎಷ್ಟು ಮುಂದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದನ್ನೆಲ್ಲ ಹೇಳಿದಾಗ ಅಪ್ಪನಿಗೆ ತಕ್ಷಣ ಅರ್ಥವಾಯಿತು. ನಮ್ಮ ಊರು ಪುತ್ತೂರು. ಬೆಂಗಳೂರಿಗೆ ಹೊರಟರೆ ಬಸ್ಸು ಶಿರಾಡಿ ಘಾಟಿ ಹತ್ತಿ ಬೇಗ ಮುಟ್ಟುತ್ತದೆ. ರೈಲು ಸುಬ್ರಹ್ಮಣ್ಯದಿಂದ ಸಕಲೇಶಪುರಕ್ಕೆ 57 ಸುರಂಗ ದಾಟಿಕೊಂಡು ತೆವಳುತ್ತದೆ. “ಹಾಗಿದ್ದರೂ ನಾನು ರೈಲಿಗೇ ಹೋಗುವುದಲ್ಲವಾ?” ಎಂದರು ಅಪ್ಪ. ಆ ಮಾತನ್ನು ಅಂದೇ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ಒಬ್ಬನೇ ಹೋಗುವ ದಿನಗಳಲ್ಲಿ ಬಸ್ಸಿನ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ. ಮ್ಯೂನಿಕ್‌ನ ಬಸ್ ನಿಲ್ದಾಣ ಮುಖ್ಯ ರೈಲು ನಿಲ್ದಾಣದಿಂದ ಎಸ್‌-ಬಾನ್ ಎಂಬ ನಗರದ ಸ್ಥಳೀಯ ರೈಲಿನಲ್ಲಿ ಒಂದೇ ನಿಲುಗಡೆಯಾಚೆ, ಹಾಕರ್‌ಬ್ರೂಕೆಯಲ್ಲಿದೆ. ಪ್ರಾಗ್‌ನಲ್ಲಿ ಬಸ್ಸು ಇಳಿಸುವುದು ಫ್ಲೋರೆಂಟ್ಸ್‌ನಲ್ಲಿ. ಅಲ್ಲಿ ಬಿ ಮತ್ತು ಸಿ ಎರಡೂ ಮೆಟ್ರೊ ಮಾರ್ಗಗಳು ಸಿಗುತ್ತವೆ, ಹಳೆಯ ಪೇಟೆಗೆ ನಡೆದೇ ಹೋಗಬಹುದು. ಊರ ಹೊರಗೆ ಇಳಿಸಿ ಮತ್ತೊಂದು ಗಂಟೆ ನುಂಗುವ ನಿಲ್ದಾಣಗಳು ಯುರೋಪಿನಲ್ಲಿ ಎಷ್ಟೋ ಇವೆ. ಈ ಎರಡು ಊರುಗಳಲ್ಲಿ ಆ ತೊಂದರೆಯಿಲ್ಲ. ದರವೂ ಕೈಗೆಟಕುವಂಥದ್ದು. ಜರ್ಮನಿಯಲ್ಲಿ ರೈಲಿಗೆ ಪೈಪೋಟಿಯಾಗಿ ದೂರದ ಬಸ್ಸುಗಳನ್ನು ಓಡಿಸಲು ಕಾನೂನು ಬಾಗಿಲು ತೆರೆದದ್ದು 2013ರ ಜನವರಿಯಲ್ಲಿ. ಅಂದಿನಿಂದ ಈಚೆಗೆ ಬಸ್ಸಿನ ಟಿಕೆಟ್ ವಿಮಾನದ ಟಿಕೆಟ್ಟಿನ ಹಾಗೆ ಏರಿಳಿಯುತ್ತದೆ. ಮೂರು ವಾರ ಮೊದಲು ತೆಗೆದರೆ ಇಪ್ಪತ್ತು ಯೂರೋ ಆಸುಪಾಸಿನಲ್ಲಿ ನನಗೆ ಸಿಕ್ಕಿದೆ. ಹೊರಡುವ ಹಿಂದಿನ ದಿನ ಅದೇ ಸೀಟಿಗೆ ಎರಡರಷ್ಟು ಕೊಟ್ಟದ್ದೂ ಇದೆ.

ಹಾಗಾಗಿ ಆ ಮೇ ತಿಂಗಳಲ್ಲಿ ಮೂವರಿಗೂ ಹೋಗಿಬರುವ ಬಸ್ಸು ಹಿಡಿದೆ. ಶನಿವಾರ ಬೆಳಗಿನ ಜಾವದ ಬಸ್ಸು. ಆಟೋಬಾನ್ ಎಂಬ ಜರ್ಮನ್ ಹೆದ್ದಾರಿ ಖಾಲಿ, ಗಡಿಯಲ್ಲಿ ಯಾರೂ ಕೈ ಅಡ್ಡ ಹಾಕಲಿಲ್ಲ, ಹೇಳಿದ ಹೊತ್ತಿಗಿಂತ ಮುಂಚೆಯೇ ಫ್ಲೋರೆಂಟ್ಸ್‌ನಲ್ಲಿ ಇಳಿದೆವು. ಅಮ್ಮ ಕಟ್ಟಿ ತಂದಿದ್ದ ಚಪಾತಿಯ ಪೊಟ್ಟಣವನ್ನು ಬಿಚ್ಚುವ ಅಗತ್ಯವೇ ಬೀಳಲಿಲ್ಲ.

ಕಷ್ಟ ಎದುರಾದದ್ದು ಭಾನುವಾರ ಸಂಜೆ ಬರುವಾಗ.

ಜರ್ಮನಿ 2023ರ ಅಕ್ಟೋಬರ್‌ನಿಂದ ಜೆಕ್ ಗಡಿಯಲ್ಲಿ ಮತ್ತೆ ತಪಾಸಣೆ ಶುರುಮಾಡಿದೆ. ಅದು ಜರ್ಮನಿಯ ಒಳಗೆ ಬರುವವರಿಗೆ ಮಾತ್ರ. ಹೋಗುವಾಗ ಸುಳಿವೂ ಇರದಿದ್ದ ಗಡಿ ಬರುವಾಗ ದಿಢೀರನೆ ಎದುರು ನಿಂತಿತು. ವೈಡ್‌ಹೌಸ್ ಹತ್ತಿರವಾಗುತ್ತಿದ್ದಂತೆ ಲಾರಿ, ಕಾರುಗಳ ಸಾಲು ಶುರುವಾಯಿತು. ಬಸ್ಸು ಒಂದೊಂದೇ ಗಾಲಿಯಷ್ಟು ಮುಂದೆ ಸರಿದು ಕೊನೆಗೆ ಪೊಲೀಸರ ಮುಂದೆ ನಿಂತಿತು. ಇಬ್ಬರು ಹತ್ತಿ ಎಲ್ಲರ ಪಾಸ್‌ಪೋರ್ಟ್ ನೋಡುತ್ತಾ ಬಂದರು. ನನ್ನ ಪಾಸ್‌ಪೋರ್ಟ್, ವಾಸದ ಪರವಾನಗಿ ಕಾರ್ಡು, ಅಪ್ಪ ಅಮ್ಮನ ವೀಸಾ ಎಲ್ಲವೂ ಸರಿಯಾಗಿದ್ದವು. ಅವರು ಸೌಜನ್ಯದಿಂದಲೇ ನಡೆದುಕೊಂಡರು. ಆದರೆ ಐವತ್ತು ಜನರ ಬಸ್ಸಿನಲ್ಲಿ ಒಬ್ಬರ ಕಾಗದದಲ್ಲಿ ಅನುಮಾನ ಬಂದರೂ ಉಳಿದ ನಲವತ್ತೊಂಬತ್ತು ಜನ ಕಾಯಬೇಕು. ಕಾದೆವು.

ಅಪ್ಪನಿಗೆ ಸಕ್ಕರೆ ಕಾಯಿಲೆ. ಪದೇ ಪದೇ ಎದ್ದು ಹೋಗಬೇಕಾಗುತ್ತದೆ. ಬಸ್ಸಿನ ಶೌಚಾಲಯಕ್ಕೆ ಮಧ್ಯದ ಬಾಗಿಲಿನ ಬಳಿ ಕಡಿದಾದ ಮೆಟ್ಟಿಲಿಳಿದು ಬಗ್ಗಿ ಒಳಹೋಗಬೇಕು. ಎಪ್ಪತ್ತು ದಾಟಿದ, ಮಂಡಿ ನೋವಿನ ಮನುಷ್ಯನಿಗೆ ಅದು ಶಿಕ್ಷೆ. ಎರಡನೆಯ ಸಲ ಹೋಗಿ ಬಂದವರು ನೀರು ಕುಡಿಯುವುದನ್ನೇ ನಿಲ್ಲಿಸಿಬಿಟ್ಟರು. ಅದನ್ನು ನೋಡಿ ನನ್ನ ಕರುಳು ಹಿಂಡಿದಂತಾಯಿತು.

ಗಡಿ ದಾಟಿ ಬಸ್ಸು ವೇಗ ಹಿಡಿಯಿತು, ಇನ್ನೇನು ಮನೆ ಸೇರಿಬಿಡುತ್ತೇವೆ ಎಂದುಕೊಳ್ಳುವಾಗ ಚಾಲಕ ವಿಶ್ರಾಂತಿ ತಾಣವೊಂದರಲ್ಲಿ ಬಸ್ಸು ನಿಲ್ಲಿಸಿದರು. ಮುಕ್ಕಾಲು ಗಂಟೆ ನಿಲುಗಡೆ ಎಂದರು. ಕೆಲವರು ಗೊಣಗಿದರು. ಚಾಲಕರ ತಪ್ಪೇನೂ ಇರಲಿಲ್ಲ. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ಚಾಲಕರು ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಮಿಸಲೇಬೇಕು. ಬೇಕಿದ್ದರೆ ಮೊದಲು 15, ಆಮೇಲೆ 30 ನಿಮಿಷ ಎಂದು ಒಡೆದುಕೊಳ್ಳಬಹುದು. ಬಸ್ಸಿನೊಳಗಿನ ಯಂತ್ರ ಪ್ರತಿ ನಿಮಿಷವನ್ನೂ ಬರೆದಿಟ್ಟುಕೊಳ್ಳುತ್ತದೆ. ಪ್ರಾಗ್–ಮ್ಯೂನಿಕ್ ದಾರಿ ಸರಿಸುಮಾರು ಆ ನಾಲ್ಕೂವರೆ ಗಂಟೆಯ ಅಂಚಿನಲ್ಲೇ ಇದೆ. ಸಾಲಿನಲ್ಲಿ ತೆವಳಿದ್ದೂ ಓಡಿಸಿದ ಹೊತ್ತೇ. ಹೀಗಾಗಿ ರಸ್ತೆಯಲ್ಲಿ ಅರ್ಧ ಗಂಟೆ ತಡವಾದರೆ ವಿಶ್ರಾಂತಿಯ ಮುಕ್ಕಾಲು ಗಂಟೆ ಅದರ ಬೆನ್ನಿಗೇ ಬರುತ್ತದೆ. ಈ ಗುಟ್ಟು ಅಷ್ಟು ವರ್ಷ ಓಡಾಡಿದ್ದ ನನಗೂ ಗೊತ್ತಿರಲಿಲ್ಲ.

ನಾವು ಮ್ಯೂನಿಕ್‌ನಲ್ಲಿ ಇಳಿದಾಗ ನಡುರಾತ್ರಿ ಕಳೆದಿತ್ತು. ಎರಡು ಗಂಟೆಗೂ ಮಿಕ್ಕಿ ತಡ. ಮರುದಿನ ಪರಿಹಾರವೇನಾದರೂ ಸಿಗುತ್ತದೆಯೇ ಎಂದು ನಿಯಮ ಹುಡುಕಿ ಓದಿದೆ. ಬಸ್ ಪ್ರಯಾಣಿಕರ ಹಕ್ಕಿನ ಕಾನೂನು, 250 ಕಿಲೋಮೀಟರ್‌ಗೂ ದೂರದ ಬಸ್ಸು ರದ್ದಾದರೆ ಅಥವಾ ಹೊರಡುವುದೇ ಎರಡು ಗಂಟೆಗಿಂತ ತಡವಾದರೆ ಹಣ ವಾಪಸು ಇಲ್ಲವೇ ಬೇರೆ ಪ್ರಯಾಣ ಕೊಡಬೇಕು ಎನ್ನುತ್ತದೆ. ಹೊತ್ತಿಗೆ ಸರಿಯಾಗಿ ಹೊರಟು ತಡವಾಗಿ ತಲುಪಿದರೆ ಅದರಲ್ಲಿ ಪರಿಹಾರವಿಲ್ಲ. ರೈಲಿನ ಕಾನೂನು ಬೇರೆ: ಒಂದು ಗಂಟೆ ತಡವಾಗಿ ತಲುಪಿದರೆ ಟಿಕೆಟ್ ದರದ ಕಾಲು ಭಾಗ, ಎರಡು ಗಂಟೆಗೆ ಅರ್ಧ. ಹಣ ದೊಡ್ಡದಲ್ಲ. ಆದರೆ ಕಾನೂನು ಯಾರ ಹೊತ್ತಿಗೆ ಬೆಲೆ ಕಟ್ಟಿದೆ ಎಂಬುದು ಅಂದು ಸ್ಪಷ್ಟವಾಯಿತು. ವೇಳಾಪಟ್ಟಿಯಲ್ಲಿ ಯಾವುದು ಬೇಗ ಎನ್ನುವುದಕ್ಕಿಂತ, ತಡವಾದಾಗ ಯಾವುದರೊಳಗೆ ಕೂತಿರುವುದು ಲೇಸು ಎಂದು ನಾನು ಕೇಳಲು ಶುರುಮಾಡಿದ್ದು ಆಗ.

ಎರಡನೆಯ ಸಲ ಹೋಗಲು ಕಾರಣ ಅಮ್ಮ. ಮೊದಲ ಸಲ ಪ್ರಾಗ್‌ನ ಕೋಟೆಗೆ ಭಾನುವಾರ ಬೆಳಿಗ್ಗೆ ಹೋಗಿದ್ದೆವು. ಅದರೊಳಗಿನ ಸೇಂಟ್ ವಿಟಸ್ ಕ್ಯಾಥೆಡ್ರಲ್ ಎಂಬ ದೊಡ್ಡ ಚರ್ಚಿನಲ್ಲಿ ಆ ಹೊತ್ತು ಪ್ರಾರ್ಥನೆ, ಪ್ರವಾಸಿಗರಿಗೆ ಮಧ್ಯಾಹ್ನದ ಮೇಲೆಯೇ ಬಾಗಿಲು ತೆರೆಯುವುದು. ಬಸ್ಸು ತಪ್ಪೀತೆಂದು ಹೊರಗಿನಿಂದಲೇ ಕೈಮುಗಿದು ಬಂದಿದ್ದ ಅಮ್ಮನಿಗೆ ಆ ಬಣ್ಣದ ಗಾಜಿನ ಕಿಟಕಿಗಳನ್ನು ತೋರಿಸದೆ ಊರಿಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ಈ ಸಲ ಶನಿವಾರ ಬೆಳಿಗ್ಗೆ ಅದೇ ಬಸ್ಸು, ಮಧ್ಯಾಹ್ನವೇ ಕ್ಯಾಥೆಡ್ರಲ್. ಬರುವಾಗ ರೈಲು.

ಟಿಕೆಟ್ಟಿನ ವಿಷಯದಲ್ಲಿ ಇಲ್ಲಿ ಒಂದು ಅನುಕೂಲವಿದೆ, ಮ್ಯೂನಿಕ್‌ನಲ್ಲಿರುವವರು ತಿಳಿದಿರಲೇಬೇಕು. ಈ ರೈಲು ಜರ್ಮನಿಯ ಒಳಗೆ ಪ್ರಾದೇಶಿಕ ರೈಲು. ಹಾಗಾಗಿ ಕಚೇರಿಗೆ ಹೋಗಲೆಂದು ನಮ್ಮಲ್ಲಿ ಬಹುತೇಕರ ಬಳಿ ಇರುವ ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ದೇಶದ ಪ್ರಾದೇಶಿಕ ರೈಲುಗಳಿಗೆಲ್ಲ ನಡೆಯುವ ತಿಂಗಳ ಪಾಸು, ಫುರ್ಟ್ ಇಮ್ ವಾಲ್ಡ್‌ವರೆಗೆ ನಡೆಯುತ್ತದೆ. ಆ ವರ್ಷ ಅದಕ್ಕೆ ತಿಂಗಳಿಗೆ 49 ಯೂರೋ ಇತ್ತು. ಅಪ್ಪ ಅಮ್ಮನಿಗೆ ಇಬ್ಬರ ಬಯರ್ನ್ ಟಿಕೆಟ್, ಅಂದರೆ ಬವೇರಿಯಾ ರಾಜ್ಯದ ಒಂದು ದಿನದ ಟಿಕೆಟ್, ತೆಗೆದೆ. ವಾರದ ದಿನಗಳಲ್ಲಿ ಅದು ಬೆಳಿಗ್ಗೆ ಒಂಬತ್ತರ ಮೇಲೆ, ಶನಿವಾರ ಭಾನುವಾರ ಇಡೀ ದಿನ ನಡೆಯುತ್ತದೆ. ಇನ್ನು ಕೊಳ್ಳಬೇಕಾದದ್ದು ಪ್ರಾಗ್‌ನಿಂದ ಫುರ್ಟ್‌ವರೆಗಿನ ಜೆಕ್ ಟಿಕೆಟ್ ಮಾತ್ರ. ಎಲ್ಲ ಕೂಡಿದರೂ ಬಸ್ಸಿಗಿಂತ ಹೆಚ್ಚಾಗಲಿಲ್ಲ.

ಪ್ರಾಗ್‌ನ ಮುಖ್ಯ ನಿಲ್ದಾಣಕ್ಕೆ ಒಂದು ಗಂಟೆ ಮುಂಚೆಯೇ ಹೋದೆವು. ಸೀಟು ಹಿಡಿಯುವುದು ಒಂದು ಕಾರಣ. ಮೊದಲನೆಯ ಪ್ಲಾಟ್‌ಫಾರ್ಮಿನಲ್ಲಿ ನಿಕೋಲಸ್ ವಿಂಟನ್ ಅವರ ಪ್ರತಿಮೆಯಿದೆ, ಅದನ್ನು ತೋರಿಸಬೇಕೆಂಬುದು ಇನ್ನೊಂದು. 1939ರಲ್ಲಿ ನಾಜಿಗಳ ಕೈಗೆ ಸಿಗದಂತೆ 669 ಮಕ್ಕಳನ್ನು ಈ ಊರಿನಿಂದ ರೈಲಿನಲ್ಲಿ ಬ್ರಿಟನ್ನಿಗೆ ದಾಟಿಸಲು ದುಡಿದವರು ಅವರು. ಮಗುವೊಂದನ್ನು ಎತ್ತಿಕೊಂಡು, ಇನ್ನೊಂದನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ ಆ ಪ್ರತಿಮೆಯ ಮುಂದೆ ಅಮ್ಮ ತುಂಬ ಹೊತ್ತು ನಿಂತರು. “ಆ ತಾಯಂದಿರು ಹೇಗೆ ಕಳಿಸಿಕೊಟ್ಟರೋ” ಎಂದರು.

ಬೋಗಿಯಲ್ಲಿ ಆರು ಸೀಟಿನ ಕೋಣೆಯೊಂದು ಸಿಕ್ಕಿತು. ಅಪ್ಪ ಕಾಲು ಚಾಚಿ ಕೂತರು, ಬೇಕೆನಿಸಿದಾಗ ಎದ್ದು ಪಡಸಾಲೆಯುದ್ದಕ್ಕೂ ನಡೆದಾಡಿದರು. ಶೌಚಾಲಯ ಅದೇ ಬೋಗಿಯ ಕೊನೆಯಲ್ಲಿ, ಮೆಟ್ಟಿಲಿಲ್ಲ. ನೀರಿನ ಬಾಟಲಿ ಈ ಸಲ ಖಾಲಿಯಾಯಿತು. ಪಿಲ್ಸೆನ್ ದಾಟಿದ ಮೇಲೆ ಪುಳಿಯೋಗರೆ ಬಿಚ್ಚಿದೆವು. ಡೊಮಾಜ್ಲಿತ್ಸೆ ಕಳೆದು ಬೊಹೆಮಿಯಾದ ಕಾಡು ಹತ್ತಿರವಾದಾಗ ಅಪ್ಪ ಕಿಟಕಿಗೆ ಹಣೆ ತಾಗಿಸಿ ಕೂತವರು, “ಎಡಕುಮೇರಿ ಹಾಗೇ ಇದೆ” ಎಂದರು. ಅಷ್ಟು ಆಳವಾದ ಕಣಿವೆಯೇನೂ ಅಲ್ಲಿಲ್ಲ, ಆದರೆ ಹಸಿರಿನ ನಡುವೆ ಬಳುಕುವ ಹಳಿಯನ್ನು ನೋಡಿದರೆ ಆ ಮಾತು ಸುಳ್ಳೆನಿಸಲಿಲ್ಲ.

ಗಡಿ ತಪಾಸಣೆ ಇಲ್ಲಿಯೂ ಇತ್ತು. ಫುರ್ಟ್ ಇಮ್ ವಾಲ್ಡ್‌ನಲ್ಲಿ ಪೊಲೀಸರು ಹತ್ತಿ ಕೋಣೆ ಕೋಣೆಗೂ ಬಂದರು. ಹೊರಗೆ ವಾಹನಗಳ ಸಾಲಿಲ್ಲದ ಕಾರಣ ಕಾಗದ ನೋಡುವಷ್ಟೇ ಹೊತ್ತು ಹಿಡಿಯಿತು. ಶ್ವಾಂಡೋರ್ಫ್‌ನಲ್ಲಿ ರೈಲು ನಿಂತು, ಎಂಜಿನ್ ಇನ್ನೊಂದು ತುದಿಗೆ ಬಂದು, ಬಂದ ದಿಕ್ಕಿಗೇ ಹೊರಟಿತು. ಅಮ್ಮನಿಗೆ ಗಾಬರಿ: “ಮತ್ತೆ ಪ್ರಾಗ್‌ಗೇ ಹೋಗುತ್ತಿದೆಯಲ್ಲೋ!” ಅಲ್ಲಿ ಹಳಿಗಳು ಕೂಡುವ ರೀತಿಯೇ ಹಾಗೆ, ದಿಕ್ಕು ಬದಲಿಸದೆ ಗತ್ಯಂತರವಿಲ್ಲ ಎಂದು ವಿವರಿಸಿದೆ. ರೇಗೆನ್ಸ್‌ಬುರ್ಗ್ ಹೊತ್ತಿಗೆ ನಲವತ್ತು ನಿಮಿಷ ತಡವಾಗಿತ್ತು. ನಾನು ಮೊಬೈಲ್ ನೋಡಿಕೊಂಡೆ, ಅವರಿಬ್ಬರೂ ನಿದ್ದೆಯಲ್ಲಿದ್ದರು.

ಈ ಲೆಕ್ಕ ಎಲ್ಲ ಊರಿಗೂ ಹೊಂದುವುದಿಲ್ಲ. ಮ್ಯೂನಿಕ್‌ನಿಂದ ವಿಯೆನ್ನಾಗೆ ರೈಲ್‌ಜೆಟ್ ಎಂಬ ವೇಗದ ರೈಲು ನಾಲ್ಕು ಗಂಟೆಯಲ್ಲಿ ಮುಟ್ಟಿಸುವಾಗ ಬಸ್ಸಿನ ಯೋಚನೆಯೇ ಬೇಡ. ಒಬ್ಬನೇ ಇದ್ದು ಸೋಮವಾರ ಬೆಳಿಗ್ಗೆ ಕಚೇರಿಯಿಲ್ಲದಿದ್ದರೆ ಪ್ರಾಗ್‌ನಿಂದ ಬರುವಾಗಲೂ ನಾನು ಬಸ್ಸು ಹಿಡಿಯುತ್ತೇನೆ, ಆದರೆ ಮಧ್ಯಾಹ್ನಕ್ಕಿಂತ ಮುಂಚಿನದು. ಯಾವುದರಲ್ಲಿ ಹೋದರೂ ಮೂಲ ಪಾಸ್‌ಪೋರ್ಟ್ ಮತ್ತು ಪರವಾನಗಿ ಕಾರ್ಡು ಕೈಚೀಲದಲ್ಲೇ ಇರಲಿ. ಮೊಬೈಲಿನಲ್ಲಿರುವ ಚಿತ್ರ ಸಾಲದು, ಬಸ್ಸಿನ ಹೊಟ್ಟೆಯೊಳಗಿಟ್ಟ ಸೂಟ್‌ಕೇಸಿನಲ್ಲಿದ್ದರೆ ಪ್ರಯೋಜನವಿಲ್ಲ. ಊರಿಂದ ಬಂದ ತಂದೆತಾಯಿಗೆ ಒಂದೇ ಪ್ರವೇಶದ ಷೆಂಗೆನ್ ವೀಸಾ ಇದ್ದರೆ ಪ್ರಾಗ್‌ಗೆ ಹೋಗಿ ಬರಬಹುದೇ ಎಂದು ಹಲವರು ಹೆದರುತ್ತಾರೆ. ಹೋಗಬಹುದು. ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು ಷೆಂಗೆನ್, ಜೆಕ್ ದೇಶವೂ ಅದರ ಒಳಗೇ ಇರುವುದರಿಂದ ಅದು ಎರಡನೆಯ ಪ್ರವೇಶವಾಗುವುದಿಲ್ಲ.

ಬರುವ ತಿಂಗಳು ಅತ್ತೆ ಮಾವ ಬರುತ್ತಿದ್ದಾರೆ. ಶನಿವಾರ ಬೆಳಗಿನ ಬಸ್ಸಿಗೆ ನಾಲ್ಕು ಸೀಟು ಹಿಡಿದಿಟ್ಟಿದ್ದೇನೆ, ಮುಂದಿನ ಸಾಲಿನವು. ಭಾನುವಾರದ ಜೆಕ್ ಟಿಕೆಟ್ಟೂ ಬಂದಿದೆ. ಪುಳಿಯೋಗರೆ ಗೊಜ್ಜನ್ನು ಅಮ್ಮ ಅವರ ಕೈಯಲ್ಲೇ ಕಳಿಸುತ್ತಾರಂತೆ.