ಹಿತ್ತಲ ಕೋಳಿಗಳಿಗೆ ಹರಳು ಮತ್ತು ಕ್ಯಾಲ್ಸಿಯಂ ಕೊಡುವ ಕ್ರಮ

ಕೋಳಿಗೆ ಹಲ್ಲಿಲ್ಲ. ಅದು ನುಂಗಿದ ಜೋಳ, ಸಜ್ಜೆ, ತೊಗರಿ ನುಚ್ಚುಗಳನ್ನು ಅರೆಯುವ ಕೆಲಸ ಗಿಜರ್ಡ್ ಎಂಬ ದಪ್ಪ ಸ್ನಾಯುವಿನ ಹೊಟ್ಟೆಯಲ್ಲಿ ನಡೆಯುತ್ತದೆ; ಅದಕ್ಕೆ ಕೋಳಿ ತಾನೇ ಹೆಕ್ಕಿ ನುಂಗುವ ಗಟ್ಟಿ ಕಲ್ಲಿನ ಹರಳುಗಳು ನೆರವಾಗುತ್ತವೆ. ಮೊಟ್ಟೆಯ ಚಿಪ್ಪಿಗೆ ಬೇಕಾಗುವ ಕ್ಯಾಲ್ಸಿಯಂ ಪೂರ್ತಿ ಬೇರೆಯ ಅಗತ್ಯ. ಹರಳು ಹೊಟ್ಟೆಯಲ್ಲಿ ಕರಗಬಾರದು, ಕ್ಯಾಲ್ಸಿಯಂ ಕರಗಲೇಬೇಕು. ಕಲಬುರಗಿ ಜಿಲ್ಲೆಯಲ್ಲಿ ಇವೆರಡನ್ನು ಒಂದೆಂದು ಭಾವಿಸುವುದು ಸುಲಭ. ಏಕೆಂದರೆ ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಕೈಗೆ ಸಿಗುವ ಕಲ್ಲು ಬಹುತೇಕ ಸುಣ್ಣದ ಕಲ್ಲೇ ಆಗಿರುತ್ತದೆ.

ಸಂಶಯವಿದ್ದರೆ ಕಲ್ಲಿನ ಚೂರನ್ನು ಒಡೆದು, ಹೊಸ ಮುಖದ ಮೇಲೆ ನಿಂಬೆರಸ ಹಿಂಡಿ ನೋಡಬೇಕು. ಸುಣ್ಣದ ಕಲ್ಲಾದರೆ ರಸದಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ. ಗ್ರಾನೈಟ್ ಅಥವಾ ಬೆಣಚುಕಲ್ಲಾದರೆ ಏನೂ ಆಗುವುದಿಲ್ಲ. ಗುಳ್ಳೆ ಏಳುವ ಕಲ್ಲು ಕೋಳಿಯ ಹೊಟ್ಟೆಯ ಆಮ್ಲದಲ್ಲಿಯೂ ಸವೆದು ಕರಗುವುದರಿಂದ ಅರೆಯುವ ಕೆಲಸಕ್ಕೆ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಶೆಲ್ ಗ್ರಿಟ್ ಎಂದು ಮಾರುವ ಕಪ್ಪೆಚಿಪ್ಪಿನ ಚೂರೂ ಇದೇ ಜಾತಿಯದು. ಅದನ್ನು ಕ್ಯಾಲ್ಸಿಯಂ ಎಂದೇ ಎಣಿಸಬೇಕು.

ಯಾದಗಿರಿ, ಶಹಾಪುರದ ಗ್ರಾನೈಟ್ ಬೆಟ್ಟಗಳ ಸುತ್ತ ದಿನವಿಡೀ ಮೇಯುವ ಜವಾರಿ ಕೋಳಿಗಳಿಗೆ ಹರಳು ತಂದು ಹಾಕುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಪರ್ಸಿ (ಶಹಾಬಾದ್ ಕಲ್ಲಿನ ಚಪ್ಪಡಿ) ಹಾಸಿದ ಅಂಗಳದಲ್ಲಿ ಅಥವಾ ಜಾಳಿಗೆಯೊಳಗೆ ಇರುವ ಕೋಳಿಗಳಿಗೆ ಅದು ಬೇಕೇ ಬೇಕು. ಭೀಮಾ ನದಿಯ ದಪ್ಪ ಮರಳನ್ನು ಅಥವಾ ಗ್ರಾನೈಟ್ ಖಡಿಯ ಚೂರನ್ನು ತೊಳೆದು, ಜರಡಿ ಹಿಡಿದು, ಬೆಳೆದ ಕೋಳಿಗೆ 3ರಿಂದ 5 ಮಿಲಿಮೀಟರ್, ಮರಿಗಳಿಗೆ 1ರಿಂದ 2 ಮಿಲಿಮೀಟರ್ ಗಾತ್ರದ ಹರಳನ್ನು ಆರಿಸಿಕೊಳ್ಳಬಹುದು. ಪುಡಿ ಆಹಾರವನ್ನಷ್ಟೇ ತಿನ್ನುವ ಮರಿಗಳಿಗೆ ಹರಳು ಬೇಡ. ಕಾಳು, ಸೊಪ್ಪು ಶುರುವಾದ ಮೇಲೆ ಕೊಡಬೇಕು.

ಇನ್ನು ಕ್ಯಾಲ್ಸಿಯಂ. 100 ಗ್ರಾಂ ಜೋಳದಲ್ಲಿ ಸುಮಾರು 25 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ, ಅಂದರೆ 2000 ಮಿಲಿಗ್ರಾಂ ಬೇಕು. ಬರೀ ಜೋಳ ಹಾಕಿ ದಿನ ಬಿಟ್ಟು ದಿನ ಮೊಟ್ಟೆ ಬಯಸಿದರೆ, ಹ್ಯಾಟೆ (ಹೆಣ್ಣು ಕೋಳಿ) ಕೊರತೆಯನ್ನು ತನ್ನ ಎಲುಬಿನಿಂದ ತುಂಬಿಕೊಳ್ಳುತ್ತದೆ. ಈ ಲೆಕ್ಕವನ್ನು ಸಾಕುವವರು ಅಗತ್ಯವಾಗಿ ಗಮನಿಸಬೇಕೆಂಬುದು ನನ್ನ ಆಗ್ರಹ, ಏಕೆಂದರೆ ಕಾಲು ಸೋತು ಕೂತ ಹ್ಯಾಟೆಯನ್ನು ಮತ್ತೆ ಎಬ್ಬಿಸುವುದು ಕಷ್ಟ.

ಶೆಲ್ ಗ್ರಿಟ್ಟನ್ನು ಅಥವಾ ಮನೆಯ ಮೊಟ್ಟೆಯ ಚಿಪ್ಪನ್ನು ಬೇರೆ ಬಟ್ಟಲಿನಲ್ಲಿ ಇಡುವುದು ಒಳ್ಳೆಯದು. ಆಹಾರದಲ್ಲಿ ಬೆರೆಸಿದರೆ ಮೊಟ್ಟೆಯಿಡದ ಹುಂಜ, ಮರಿಗಳೂ ಅದನ್ನು ತಿನ್ನಬೇಕಾಗುತ್ತದೆ; ಬೆಳೆಯುವ ಮರಿಗೆ ಅತಿಯಾದ ಕ್ಯಾಲ್ಸಿಯಂ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಬೇರೆ ಇಟ್ಟರೆ ಹ್ಯಾಟೆ ತನಗೆ ಬೇಕಾದಷ್ಟನ್ನೇ ಹೆಕ್ಕುತ್ತದೆ. ಚಿಪ್ಪು ಕಟ್ಟುವ ಕೆಲಸ ಸುಮಾರು 20 ಗಂಟೆ ಹಿಡಿಯುತ್ತದೆ ಮತ್ತು ಬಹುಪಾಲು ರಾತ್ರಿಯಲ್ಲೇ ನಡೆಯುತ್ತದೆ. ಆದ್ದರಿಂದ ಗೂಡು ಸೇರುವ ಮುನ್ನ, ಸಂಜೆ, ಈ ಬಟ್ಟಲು ತುಂಬಿರಬೇಕು. ನುಣ್ಣನೆಯ ಪುಡಿಗಿಂತ 2ರಿಂದ 4 ಮಿಲಿಮೀಟರ್ ಚೂರು ಮೇಲು, ಅದು ನಿಧಾನವಾಗಿ ಕರಗಿ ಬೆಳಗಿನ ಜಾವದವರೆಗೂ ಒದಗುತ್ತದೆ.

ಮೊಟ್ಟೆಯ ಚಿಪ್ಪನ್ನು ತೊಳೆದು, 10 ನಿಮಿಷ ಕುದಿಸಿ, ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಚಿಪ್ಪಿನ ಗುರುತು ಉಳಿಯದಂತೆ ಕುಟ್ಟಬೇಕು. ದೊಡ್ಡ ತುಣುಕುಗಳನ್ನು ಹಾಕಿದರೆ ಕೋಳಿಗಳು ತಮ್ಮ ಮೊಟ್ಟೆಯನ್ನೇ ಒಡೆದು ತಿನ್ನುವ ಚಟಕ್ಕೆ ಬೀಳಬಹುದು. ಎಲೆಅಡಿಕೆಯ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಯಾವುದನ್ನೂ ಹಾಕಬಾರದು. ಅದು ಬಾಯಿ, ಗಂಟಲನ್ನು ಸುಡುತ್ತದೆ. ಪಾಲಿಶ್ ಮಷಿನ್ನಿನ ಪರ್ಸಿ ಪುಡಿಯೂ ಬೇಡ.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಬಟ್ಟಲು ತುಂಬಿದ್ದರೂ ಚಿಪ್ಪು ತೆಳುವಾಗುವುದುಂಟು. ಕೋಳಿ ಬಾಯಿ ತೆರೆದು ಏದುಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಚಿಪ್ಪು ಕಟ್ಟಲು ಅದೂ ಬೇಕು. ಆಗ ನೆರಳು, ಮಣ್ಣಿನ ಪಾತ್ರೆಯ ತಣ್ಣೀರು, ಬೆಳಗಿನ ತಂಪಿನಲ್ಲಿ ಆಹಾರ ಹೆಚ್ಚು ಉಪಕಾರಿ. ತಂಪು ಬಂದ ಮೇಲೂ ತೊಗಲಿನಂಥ ಮೊಟ್ಟೆ ಬರುತ್ತಿದ್ದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೋಳಿಯನ್ನು ತೋರಿಸಬೇಕು.