ಕ್ವಾರಿ ಧೂಳಿನ ವಿರುದ್ಧ ಕೇಸು ಹಾಕುವುದು ಹೇಗೆ?

ಮೂಡಿಗೆರೆ ಕಡೆಯ ಗಿರಿಜನ ಕಾಲೊನಿಯೊಂದರಲ್ಲಿ ಅಜ್ಜಿಯೊಬ್ಬರು ದೇವರ ಫೋಟೊ ಹಿಂದೆ ಸಿಕ್ಕಿಸಿಟ್ಟಿದ್ದ ಮೊಮ್ಮಗನ ಆಸ್ಪತ್ರೆ ಚೀಟಿಗಳನ್ನು ತೆಗೆದು ಕೊಟ್ಟರು. ಹೆಂಚು ಸೋರಿ ಶಾಯಿ ಕಲಸಿಹೋಗಿತ್ತು. ಔಷಧಿಯ ಹೆಸರನ್ನು ಹೇಗೋ ಓದಬಹುದು, ತಾರೀಕು ಮಾತ್ರ ಅಳಿಸಿಹೋಗಿದೆ. ಹಿತ್ತಲ ಕಾಫಿ ಎಲೆಯ ಮೇಲೆ ಬೆರಳೆಳೆದರೆ ಬಿಳಿ ಧೂಳಿನ ನಡುವೆ ಹಸಿರು ಗೆರೆ ಮೂಡುತ್ತಿತ್ತು. ಕ್ರಷರ್ ಹತ್ತಿರವೇ ಇದೆ, ಮಗುವಿಗೆ ದಮ್ಮು ಇದೆ. ಎರಡನ್ನೂ ಕೋರ್ಟಿನಲ್ಲಿ ಜೋಡಿಸಿ ಹೊಲಿಯಲು ಬೇಕಾದ ದಾರ ಆ ತಾರೀಕು.

ಹಾಗಾಗಿ ವಕೀಲರಿಗಿಂತ ಮೊದಲು ಒಂದು ನೋಟ್‌ಬುಕ್ ಕೊಳ್ಳಿ. ಎಷ್ಟು ಹೊತ್ತಿಗೆ ಬ್ಲಾಸ್ಟಿಂಗ್ ಆಯಿತು, ಟಾರ್ಪಾಲು ಹೊದಿಸದ ಟಿಪ್ಪರ್ ಎಷ್ಟು ಹೋದವು, ಹಳ್ಳದ ನೀರು ಯಾವತ್ತು ಹಾಲಿನಂತೆ ಬಂತು, ಆ ವಾರ ಯಾರು ಆಸ್ಪತ್ರೆಗೆ ಹೋದರು ಎಲ್ಲ ಬರೆದಿಡಿ. ಕೆಮ್ಮು ಎಷ್ಟು ದಿನದಿಂದ, ಮನೆ ಕ್ರಷರಿಗೆ ಎಷ್ಟು ದೂರ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯಲ್ಲೇ ಬರೆಸಿ, ಅಲ್ಲೇ ಫೋಟೊ ತೆಗೆದುಕೊಳ್ಳಿ. ಕ್ವಾರಿಯಲ್ಲಿ ಕೂಲಿ ಮಾಡಿದವರಿಗೆ ಎದೆಯ ಎಕ್ಸ್‌ರೇ ಆಗಲೇಬೇಕು. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಅನ್ನು ಕ್ಷಯ ಎಂದುಕೊಂಡು ಮಾತ್ರೆ ನುಂಗಿಸುವುದು ಹೊಸದೇನಲ್ಲ.

ಆಮೇಲೆ ದೂರು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ಜಿಲ್ಲಾಧಿಕಾರಿಗೆ, ಗಣಿ ಇಲಾಖೆಗೆ ಪ್ರತಿ ಕೊಡಿ. ಸೀಲು ಹಾಕಿದ ಸ್ವೀಕೃತಿ ಇಲ್ಲದೆ ಕೌಂಟರ್ ಬಿಡಬೇಡಿ. ಗಾಳಿ, ನೀರಿನ ಮಾದರಿ ತೆಗೆಯಿರಿ ಎಂದು ದೂರಿನಲ್ಲೇ ಕೇಳಿ. ನೀವೇ ಬಾಟಲಿಯಲ್ಲಿ ತುಂಬಿಕೊಂಡು ಹೋದ ನೀರಿಗೆ ಕೋರ್ಟಿನಲ್ಲಿ ಅಷ್ಟು ತೂಕವಿಲ್ಲ. ಗಾಳಿಯಲ್ಲಿ ಪಿಎಂ 10, ಅಂದರೆ ಉಸಿರಿನೊಂದಿಗೆ ಒಳಹೋಗುವಷ್ಟು ಸಣ್ಣ ಧೂಳಿನ ಮಿತಿ 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೊಗ್ರಾಂ. ನೀರಿನ ಮಾದರಿಯನ್ನೂ ಮರೆಯಬೇಡಿ. 2002ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಕುದುರೆಮುಖದ ಅದಿರು ಗಣಿಗಾರಿಕೆ 2005ರ ಕೊನೆಗೆ ನಿಂತಿತಲ್ಲ, ಆ ಹೋರಾಟದಲ್ಲೂ ಭದ್ರಾ ನದಿಗಿಳಿದ ಹೂಳು ದೊಡ್ಡ ವಿಷಯವಾಗಿತ್ತು.

ಜೊತೆಗೇ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಬಿಪಿಎಲ್ ಆದರೆ ಅದೂ ಬೇಡ. ಉತ್ತರಕ್ಕೆ 30 ದಿನದ ಗಡುವು. ಕ್ವಾರಿಯ ಪರಿಸರ ಅನುಮತಿ, ಅದರ ಷರತ್ತು, ಆರು ತಿಂಗಳಿಗೊಮ್ಮೆ ಕೊಡಬೇಕಾದ ಪಾಲನಾ ವರದಿ ಕೇಳಿ. ಸಣ್ಣ ಕ್ವಾರಿಗೂ ಈ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ರಸ್ತೆಗೆ ನೀರು ಹಾಕುತ್ತೇವೆ ಎಂದು ಕಾಗದದಲ್ಲಿ ಬರೆದಿದ್ದರೆ ನಿಮ್ಮ ನೋಟ್‌ಬುಕ್ ಪಕ್ಕಕ್ಕಿಟ್ಟು ನೋಡಿ. ಕೇಸಿನ ಅರ್ಧ ಅಲ್ಲೇ ಸಿಗುತ್ತದೆ.

ಈಗ ಪರಿಸರದ ಕೇಸುಗಳಿಗೆಂದೇ ಇರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ನಮ್ಮ ರಾಜ್ಯದ ಅರ್ಜಿಗಳು ಚೆನ್ನೈ ಪೀಠಕ್ಕೆ ಹೋಗುತ್ತವೆ. ಎಡವುವುದು ಗಡುವಿನಲ್ಲಿ: ಮಾಲಿನ್ಯ ತಡೆಯಿರಿ ಎನ್ನುವ ಅರ್ಜಿಗೆ, ತೊಂದರೆ ಮೊದಲು ಶುರುವಾದ ದಿನದಿಂದ ಆರೇ ತಿಂಗಳು. ಆರೋಗ್ಯ ಹಾನಿಗೆ ಪರಿಹಾರ ಕೇಳಲು ಐದು ವರ್ಷ. ಎರಡಕ್ಕೂ ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು. ಕನ್ನಡ ಕಾಗದಗಳಿಗೆ ಇಂಗ್ಲಿಷ್ ಅನುವಾದ ಜೋಡಿಸಿ. ಪರಿಶಿಷ್ಟ ಪಂಗಡದವರಿಗೆ, ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ, ಸಹಾಯವಾಣಿ 15100. ಮಲೆಕುಡಿಯ, ಹಸಲರು, ಗೌಡಲು ಕುಟುಂಬಗಳು ಜಾತಿ ಪ್ರಮಾಣಪತ್ರ ಸಿದ್ಧವಿಟ್ಟುಕೊಂಡರೆ ಓಡಾಟ ಕಡಿಮೆ.

ಕಾಡಿನಲ್ಲಿ ಬದುಕುವವರ ಹಕ್ಕಿನ ಅರಣ್ಯ ಹಕ್ಕು ಕಾಯ್ದೆ, ಈ ಹಸಿರು ನ್ಯಾಯಮಂಡಳಿ ವಿಚಾರಿಸಬಹುದಾದ ಕಾಯ್ದೆಗಳ ಪಟ್ಟಿಯಲ್ಲಿಲ್ಲ. ಆ ತಕರಾರಿಗೆ ಹೈಕೋರ್ಟಿನಲ್ಲಿ ರಿಟ್ ಹಾಕಬೇಕು. ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ದಾರಿಯಿದೆ. ಪರಿಶಿಷ್ಟರು ಬಳಸುವ ನೀರಿನ ಮೂಲವನ್ನು ಬೇರೆಯವರು ಕೆಡಿಸುವುದು ದೌರ್ಜನ್ಯ ತಡೆ ಕಾಯ್ದೆಯ ಕಲಂ 3ರಡಿ ಅಪರಾಧ. ಅದಕ್ಕೆ ದೂರು ಠಾಣೆಯಲ್ಲಿ.

ಆದೇಶ ಬಂದ ಮೇಲೂ ನೋಟ್‌ಬುಕ್ ಮುಚ್ಚಬೇಡಿ. ಕ್ರಷರ್ ಮತ್ತೆ ರಾತ್ರಿ ಓಡಿದರೆ, ಜಾರಿ ಅರ್ಜಿಗೆ ಆ ರಾತ್ರಿಯ ತಾರೀಕು ಬೇಕಾಗುತ್ತದೆ.