ಅಗ್ಗದ ಬಿಳಿ ವೈನ್, ಬಯಲೂಟ ಮತ್ತು ಒಂದು ಒದ್ದೆ ಟವೆಲ್

ಬಯಲೂಟಕ್ಕೆ ಅಗ್ಗದ ಬಿಳಿ ವೈನ್ ತರುತ್ತೇನೆ ಎಂದಾಗ ಗೆಳೆಯರು, "ಅದಕ್ಕಿಂತ ನಿಂಬೆ ಷರಬತ್ತೇ ವಾಸಿ" ಎಂದು ನಕ್ಕಿದ್ದರು. ಕಳೆದ ಸಲ ಹನ್ನೆರಡು ಮಂದಿಗೆ ಆರು ಬಾಟಲಿ ಒಯ್ದೆ, ಹನಿಯೂ ಉಳಿಯಲಿಲ್ಲ. ನಕ್ಕವರೇ ಬಾಟಲಿಯ ಲೇಬಲಿನ ಫೋಟೊ ತೆಗೆದುಕೊಂಡರು.

ಅಲ್ಲಿಯವರೆಗೆ ನಾನು ಕಟ್ಟಿದ ದಂಡ ಕಡಿಮೆಯೇನಲ್ಲ. ಮೊದಲು ಓಕ್ ಪೀಪಾಯಿಯಲ್ಲಿ ಮಾಗಿದ ಶಾರ್ಡನೇ ಎಂಬ ಬಿಳಿ ವೈನ್ ತಂದೆ. ಈಗ ಕೊಳ್ಳುವ ನಾಲ್ಕು ಬಾಟಲಿಗಳ ದುಡ್ಡು ಅದೊಂದಕ್ಕೇ ಹೋಯಿತು. ಖಾರ ಸವರಿ ಕೆಂಡದಲ್ಲಿ ಸುಟ್ಟ ಕೋಳಿಯ ಜೊತೆ ಬಾಯಿ ಕಹಿಯಾಯಿತು. ಶೇಕಡಾ 14ರಷ್ಟಿದ್ದ ಆಲ್ಕೋಹಾಲು ಉರಿಗೆ ತುಪ್ಪ ಸುರಿಯಿತು. ಇನ್ನೊಮ್ಮೆ ಬೇಗ ತಣ್ಣಗಾಗಲೆಂದು ಫ್ರೀಜರಿನಲ್ಲಿಟ್ಟು ಮರೆತೆ. ಬೆಳಗ್ಗೆ ನೋಡಿದರೆ ಕಾರ್ಕ್ ಅರ್ಧ ಹೊರಗೆ, ಕುತ್ತಿಗೆಯ ಸುತ್ತ ಹಳದಿ ಮಂಜು. ಮೂರನೆಯದು ಬಣ್ಣವಿಲ್ಲದ ಗಾಜಿನ ಬಾಟಲಿ. ಬಿಸಿಲಿನಲ್ಲಿ ಎರಡು ಗಂಟೆ ಚೆಂದವಾಗಿ ಹೊಳೆಯಿತು. ಸುರಿದಾಗ ಬೆಂದ ಎಲೆಕೋಸಿನ ವಾಸನೆ. ಅಂದಿನಿಂದ ಹಸಿರು ಗಾಜು, ತಿರುಗಣೆ ಮುಚ್ಚಳ, ನೆರಳು.

ಈಗ ಕೊಳ್ಳುವುದು ಹುಳಿ ಮುಂದಾದ ಎರಡು ಹಗುರ ಬಿಳಿ ವೈನುಗಳಲ್ಲೊಂದು, ಪೋರ್ಚುಗಲ್ಲಿನ ವಿನ್ಯೊ ವೆರ್ದೆ ಅಥವಾ ಫ್ರಾನ್ಸಿನ ಮಸ್ಕಡೆ; ಆಲ್ಕೋಹಾಲು ಶೇಕಡಾ 12 ದಾಟದ ಬಾಟಲಿಯನ್ನೇ ಆರಿಸುತ್ತೇನೆ. ವೈನಿನ ಹುಳಿ ಊಟದ ಹುಳಿಗಿಂತ ಒಂದು ಕೈ ಮೇಲಿರಬೇಕು, ಇಲ್ಲವಾದರೆ ನಿಂಬೆ ಹಿಂಡಿದ ಸಲಾಡಿನ ಮುಂದೆ ಅದು ನೀರಾಗುತ್ತದೆ. ಉಪ್ಪು ಹಚ್ಚಿ ಸುಟ್ಟ ಮೀನಿಗೆ ಎರಡೂ ಹೊಂದುತ್ತವೆ. ಖಾರದ ಅಡುಗೆಯಿದ್ದರೆ ಮಾತ್ರ ತುಸು ಸಿಹಿಯಿರುವ ರೀಸ್ಲಿಂಗ್ ಎಂಬ ಬಿಳಿ ವೈನ್.

ಆದರೆ ನನ್ನನ್ನು ಗೆಲ್ಲಿಸಿದ್ದು ಬಕೆಟ್. ಬರೀ ಮಂಜುಗಡ್ಡೆಯಲ್ಲಿ ಹುಗಿದಾಗ ಮುಕ್ಕಾಲು ಗಂಟೆ ಕಾದದ್ದುಂಟು. ಗಡ್ಡೆಗಳ ನಡುವೆ ಗಾಳಿ ತುಂಬಿದ್ದರೆ ಬಾಟಲಿಗೆ ತಂಪು ತಾಗುವುದಾದರೂ ಹೇಗೆ? ಅರ್ಧ ಮಂಜುಗಡ್ಡೆ, ಅರ್ಧ ನೀರು, ಎರಡು ಮುಷ್ಟಿ ಉಪ್ಪು ಹಾಕಿ ಆಗಾಗ ಬಾಟಲಿ ತಿರುಗಿಸಿದರೆ ಇಪ್ಪತ್ತು ನಿಮಿಷ ಸಾಕು. ಹೊರಗೆ ತೆಗೆದ ಮೇಲೆ ಒದ್ದೆ ಟವೆಲ್ ಸುತ್ತಿ ಗಾಳಿಗೆ ಇಡುತ್ತೇನೆ. ತಂಪನ್ನು ಇನ್ನೊಂದಿಷ್ಟು ಹೊತ್ತು ಎಳೆಯಬಹುದು. ಲೋಟದಲ್ಲಿ ಬೆಚ್ಚಗಾದರೆ ಫ್ರೀಜರಿನಲ್ಲಿ ಗಟ್ಟಿಮಾಡಿದ ದ್ರಾಕ್ಷಿ ಎರಡು ಹಾಕುತ್ತೇನೆ. ಮಂಜುಗಡ್ಡೆಯಂತೆ ಕರಗಿ ವೈನನ್ನು ತೆಳುಮಾಡುವುದಿಲ್ಲ.

ಮೀನಿಗೆ ಕಡೆಯ ಗಳಿಗೆಯಲ್ಲಿ ಸವರುವುದು ಇನ್ನೊಂದಿದೆ. ನಕ್ಕವರು ಓದುತ್ತಿರಬಹುದು, ಆದ್ದರಿಂದ ಹೇಳುವುದಿಲ್ಲ.

ಒಮ್ಮೆ ಬಕೆಟ್ ಹೊರುವುದೇ ಬೇಡವೆಂದು ತಣ್ಣನೆಯ ವೈನನ್ನು ಫ್ಲಾಸ್ಕಿಗೆ ಸುರಿದು ಒಯ್ದೆ. ತಂಪು ಚೆನ್ನಾಗಿಯೇ ನಿಂತಿತು. ಆದರೆ ಹಿಂದಿನ ದಿನದ ಕಾಫಿಯೂ ನಿಂತಿತ್ತು.